ಫ್ರೀಜರ್‌ನಲ್ಲಿ ನೀರು ತುಂಬಿದ ಗಾಜಿನ ಬಾಟಲಿ ಒಡೆಯೋದು ಯಾಕೆ?

ಪ್ರಶ್ನೆ: ತಣ್ಣಗಾದರೆ ವಸ್ತುಗಳು ಕುಗ್ಗಬೇಕಲ್ವಾ? ಹಾಗಿದ್ರೆ ಬಾಟಲಿ ಸೀಳೋದು ಹೇಗೆ? ಎಷ್ಟು ಜಾಗ ಬಿಡಬೇಕು?

ಉತ್ತರ 1: ನೀರೂ ಕುಗ್ಗುತ್ತೆ, ಆದರೆ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅಲ್ಲಿಂದ ಕೆಳಗೆ ಹಿಗ್ಗೋಕೆ ಶುರು. ಮಂಜುಗಡ್ಡೆ ಆಗುವಾಗ ಅಣುಗಳು ಷಡ್ಭುಜಾಕಾರದ ಜಾಲರಿ ಕಟ್ಟಿಕೊಳ್ಳುತ್ತವೆ, ನಡುವೆ ಖಾಲಿ ಜಾಗ ಉಳಿಯುತ್ತೆ. ಗಾತ್ರ ಸುಮಾರು 9% ಹೆಚ್ಚಿ, 1 ಲೀಟರ್ ನೀರು ಹತ್ತಿರ ಹತ್ತಿರ 1,090 ಮಿಲಿ ಆಗುತ್ತೆ. ಮಂಜುಗಡ್ಡೆ ತೇಲೋದೂ ಇದಕ್ಕೇ.

ಉತ್ತರ 2: ಲೆಕ್ಕ ಸರಿ, ಆದರೆ ಹತ್ತರಲ್ಲಿ ಒಂದು ಪಾಲು ಬಿಟ್ಟರೆ ಸಾಲದು. ಕಿರಿದಾದ ಕತ್ತಿನ ನೀರು ಮೊದಲು ಹೆಪ್ಪುಗಟ್ಟಿ ಬಿರಡೆ ಥರ ಕೂತರೆ ಕೆಳಗಿನದಕ್ಕೆ ಮೇಲೇರಲು ದಾರಿಯೇ ಇಲ್ಲ. ಕಾಲು ಭಾಗ ಖಾಲಿ ಬಿಡಿ, ನೀರು ಬಾಟಲಿಯ ಭುಜಕ್ಕಿಂತ ಕೆಳಗಿರಲಿ. ನೇರ ಗೋಡೆಯ ಜಾಡಿ ಇನ್ನೂ ಒಳ್ಳೆಯದು.

ಉತ್ತರ 3: ಹೊರತೆಗೆದ ಕೂಡಲೇ ಬಿಸಿನೀರು ಸುರಿಯಲೇಬೇಡಿ. ಗಾಜಿನ ಒಂದು ಮೈ ಹಿಗ್ಗಿ ಇನ್ನೊಂದು ಹಾಗೇ ಉಳಿದು ಬಿರುಕು ಬಿಡುತ್ತೆ.