ಫಾಕ್ಸ್‌ಪ್ರೊ ಡಿಬಿಎಫ್: ಮೆಮೊ ದೋಷ ಬರ್ತಿದೆ, ರೆಕಾರ್ಡ್ ಲೆಕ್ಕವೂ ತಾಳೆ ಆಗ್ತಿಲ್ಲ

ಹೊಸ_ಕರ್ಸರ್:
ಫಾಕ್ಸ್‌ಪ್ರೊ 2.6 ಅನ್ನುವ ಡಾಸ್ ಕಾಲದ ಡೇಟಾಬೇಸ್ ಪ್ರೋಗ್ರಾಂನಲ್ಲಿ ಮಾಡಿದ್ದ ಗ್ರಂಥಾಲಯದ ಡೇಟಾ ಕೈಗೆ ಬಂದಿದೆ. ನನಗೆ ಎಸ್‌ಕ್ಯೂಎಲ್ ಮಾತ್ರ ಗೊತ್ತು. ಡಿಬಿಎಫ್ ಕಡತಗಳನ್ನಷ್ಟೇ ಕಾಪಿ ಮಾಡಿಕೊಂಡು ವಿಷುಯಲ್ ಫಾಕ್ಸ್‌ಪ್ರೊ 9ರಲ್ಲಿ ತೆರೆದೆ. ಪುಸ್ತಕ ಟೇಬಲ್‌ಗೆ ‘ಮೆಮೊ ಕಡತ ಇಲ್ಲ ಅಥವಾ ಸರಿಯಿಲ್ಲ’ ಅನ್ನುತ್ತೆ. ಸದಸ್ಯ ಟೇಬಲ್‌ಗೆ ಸಿಡಿಎಕ್ಸ್ ಸಿಗಲಿಲ್ಲ ಅಂತ ಕೇಳಿತು, ಇಗ್ನೋರ್ ಒತ್ತಿದೆ, ತೆರೆಯಿತು. ಆದರೆ ಸಾಲುಗಳನ್ನು ಎಣಿಸುವ ‘ರೆಕ್‌ಕೌಂಟ್()’ 4,212 ಕೊಡುತ್ತೆ, ಹಳೆಯ ಮುದ್ರಿತ ವರದಿಯಲ್ಲಿ 3,987 ಇದೆ. ಫೈಲ್ ಕೆಟ್ಟಿದೆಯಾ? ‘ಪ್ಯಾಕ್’ ಕೊಟ್ಟರೆ ಸರಿಹೋಗುತ್ತಾ?

ಬೈಟ್_ಲೆಕ್ಕಿಗ:
ಪ್ಯಾಕ್ ಕೊಡಬೇಡಿ. ಅಳಿಸಿದ ಸಾಲುಗಳನ್ನು ಕಡತದಿಂದಲೇ ಕಿತ್ತುಹಾಕುವ ಆಜ್ಞೆ ಅದು, ಆಮೇಲೆ ಹಿಂದಕ್ಕೆ ಬರಲ್ಲ.

ಇಲ್ಲಿ ಟೇಬಲ್ ಅಂದರೆ ಒಂದೇ ಕಡತ ಅಲ್ಲ. ಸಾಲುಗಳು ಡಿಬಿಎಫ್‌ನಲ್ಲಿ, ಉದ್ದನೆಯ ಪಠ್ಯ (ಮೆಮೊ) ಎಫ್‌ಪಿಟಿಯಲ್ಲಿ, ಇಂಡೆಕ್ಸ್ ಸಿಡಿಎಕ್ಸ್‌ನಲ್ಲಿ. ಹೆಸರು ಒಂದೇ, ವಿಸ್ತರಣೆ ಬೇರೆ. ಡಿಬಿಎಫ್‌ನ ಮೆಮೊ ಕಾಲಂನಲ್ಲಿ ಇರುವುದು ಎಫ್‌ಪಿಟಿಯ ಬ್ಲಾಕ್ ಸಂಖ್ಯೆ ಅಷ್ಟೇ. ಪಠ್ಯ ಅಲ್ಲಿಲ್ಲ. ಹಾಗಾಗಿ ಮೂಲ ಫೋಲ್ಡರ್‌ನಿಂದ ಎಲ್ಲವನ್ನೂ ಒಟ್ಟಿಗೆ ಮತ್ತೆ ಕಾಪಿ ಮಾಡಿ, ಆ ಪ್ರತಿಯನ್ನು ಮುಟ್ಟದೆ ಇಟ್ಟು, ಅದರ ಇನ್ನೊಂದು ಪ್ರತಿಯಲ್ಲಿ ಕೆಲಸ ಮಾಡಿ. ತೆರೆಯುವಾಗ ‘ಯೂಸ್ ಸದಸ್ಯ ನೋಅಪ್‌ಡೇಟ್’ ಅನ್ನಿ, ಓದಲು ಮಾತ್ರ ತೆರೆಯುತ್ತೆ.

ಇಗ್ನೋರ್ ಒತ್ತಿದ ಪ್ರತಿಯನ್ನು ಬಿಸಾಡಿ. ಜೊತೆಗೊಂದು ಸಿಡಿಎಕ್ಸ್ ಇದೆ ಅನ್ನುವ ಗುರುತು ಡಿಬಿಎಫ್‌ನ ಆರಂಭದ ಹೆಡರ್‌ನಲ್ಲಿತ್ತು, ಅದು ಈಗ ಅಳಿಸಿಹೋಗಿದೆ. ಆಮೇಲೆ ಸಿಡಿಎಕ್ಸ್ ತಂದಿಟ್ಟರೂ ತಾನಾಗಿ ತೆರೆದುಕೊಳ್ಳಲ್ಲ.

ಲೆಕ್ಕದ ವ್ಯತ್ಯಾಸ 225 ಬಹುಶಃ ಅಳಿಸಿದ ಸಾಲುಗಳು. ಪ್ರತಿ ಸಾಲಿನ ಮೊದಲ ಬೈಟ್ ಒಂದು ಗುರುತು: ಖಾಲಿ ಜಾಗ ಇದ್ದರೆ ಸಾಲು ಜೀವಂತ, ನಕ್ಷತ್ರ ಚಿಹ್ನೆ ಇದ್ದರೆ ಅಳಿಸಿದ್ದು. ‘ಡಿಲೀಟ್’ ಆ ಒಂದು ಬೈಟ್ ಬದಲಿಸುತ್ತೆ, ‘ರೀಕಾಲ್’ ವಾಪಸ್ ಬದಲಿಸುತ್ತೆ. ರೆಕ್‌ಕೌಂಟ್ ಈ ಗುರುತನ್ನು ನೋಡುವುದೇ ಇಲ್ಲ. ಖಚಿತ ಮಾಡಿಕೊಳ್ಳಲು:

ಸೆಟ್ ಡಿಲೀಟೆಡ್ ಆಫ್
ಕೌಂಟ್ ಫಾರ್ ಡಿಲೀಟೆಡ್()

ಮೊದಲ ಆಜ್ಞೆ ಕೊಡದಿದ್ದರೆ, ಡಿಲೀಟೆಡ್ ಆನ್ ಆಗಿದ್ದಲ್ಲಿ (ಅಳಿಸಿದ ಸಾಲುಗಳು ಕಾಣದಂತೆ ಇದ್ದಲ್ಲಿ) ಉತ್ತರ ಸೊನ್ನೆ ಬರುತ್ತೆ. ಎಲ್ಲರೂ ಎಡವುವುದು ಇಲ್ಲೇ.

ಹಳೇ_ಇಂಡೆಕ್ಸ್:
ಕಾಪಿ ಅರ್ಧಕ್ಕೆ ನಿಂತಿದೆಯಾ ಅನ್ನುವುದನ್ನೂ ನೋಡಿಬಿಡಿ. ಕಡತದ ಬೈಟ್‌ಗಳನ್ನು ನೇರವಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ (ಬೈಟ್ ಎಣಿಕೆ ಸೊನ್ನೆಯಿಂದ) 4ರಿಂದ 7ನೇ ಬೈಟ್ ಸಾಲುಗಳ ಸಂಖ್ಯೆ, 8–9 ಹೆಡರ್ ಉದ್ದ, 10–11 ಸಾಲಿನ ಉದ್ದ. ಮೂರೂ ಕಡೆ ಕಿರಿಯ ಬೈಟ್ ಮೊದಲು. 10 ಕಾಲಂ, ಸಾಲಿನ ಉದ್ದ 96 ಅಂದುಕೊಳ್ಳಿ: ಹೆಡರ್ 32 + 10×32 + 1 = 353, ಸಾಲುಗಳು 4,212×96 = 4,04,352. ಕೊನೆಯ ಗುರುತಿನ ಬೈಟ್ ಸೇರಿ ಕಡತ 4,04,706 ಬೈಟ್ ಇರಬೇಕು. ಒಂದು ಬೈಟ್ ಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕೆಲವು ಪ್ರೋಗ್ರಾಂಗಳು ಕೊನೆಯ ಗುರುತು ಬರೆಯಲ್ಲ. ಸಾವಿರಗಟ್ಟಲೆ ಕಮ್ಮಿ ಇದ್ದರೆ ಕಾಪಿಯೇ ಸರಿಯಾಗಿಲ್ಲ.

ಎಸ್‌ಕ್ಯೂಎಲ್‌ನಿಂದ ಬಂದವರಿಗೆ ಎಡವುವ ಜಾಗ ಇನ್ನೆರಡಿವೆ. ಕಾಲಂನ ಮೌಲ್ಯ ಬದಲಿಸುವ ‘ರಿಪ್ಲೇಸ್’ಗೆ ‘ಆಲ್’ ಅಥವಾ ‘ಫಾರ್’ ಸೇರಿಸದಿದ್ದರೆ ಪಾಯಿಂಟರ್ ನಿಂತಿರುವ ಒಂದೇ ಸಾಲು ಬದಲಾಗುತ್ತೆ. ಎರಡನೆಯದು ಸಮ ಚಿಹ್ನೆ. ‘ಸೆಟ್ ಎಕ್ಸಾಕ್ಟ್ ಆಫ್’ ಇದ್ದಾಗ ಬಲಗಡೆಯ ಪಠ್ಯ ಮುಗಿಯುವ ತನಕ ಮಾತ್ರ ಹೋಲಿಕೆ. ‘ಲೊಕೇಟ್ ಫಾರ್ ಹೆಸರು = "ರವಿ"’ ಅಂದರೆ ರವಿಚಂದ್ರನೂ ಸಿಗುತ್ತಾನೆ. ಬಲಗಡೆ ಖಾಲಿ ಪಠ್ಯ ಕೊಟ್ಟರೆ ಪ್ರತಿ ಸಾಲೂ ಹೊಂದುತ್ತೆ! ಖಾಲಿ ಕಾಲಂ ಹುಡುಕಲು ‘ಎಂಪ್ಟಿ()’ ಬಳಸಿ. ಸೆಲೆಕ್ಟ್ ಹೇಳಿಕೆಯೊಳಗೆ ಎಕ್ಸಾಕ್ಟ್ ಲೆಕ್ಕಕ್ಕಿಲ್ಲ, ಅಲ್ಲಿ ನಡೆಯುವುದು ‘ಸೆಟ್ ಆನ್ಸಿ’.

ಹೊಸ_ಕರ್ಸರ್:
ಅಳಿಸಿದವು ಸರಿಯಾಗಿ 225. ಪುಸ್ತಕದ ಎಫ್‌ಪಿಟಿಯೂ ಇದೆ, ಈಗ ತೆರೆಯುತ್ತೆ. ಸಿಎಸ್‌ವಿಗೆ ಹಾಕಿದರೆ ಟಿಪ್ಪಣಿ ಕಾಲಂ ಮಾತ್ರ ಕಾಣೆ. ಇನ್ನೊಂದು ಟೇಬಲ್‌ನ ಎಫ್‌ಪಿಟಿ ಎಲ್ಲೂ ಇಲ್ಲ.

ಬೈಟ್_ಲೆಕ್ಕಿಗ:
‘ಕಾಪಿ ಟು … ಟೈಪ್ ಸಿಎಸ್‌ವಿ’ ಮೆಮೊ ಕಾಲಂಗಳನ್ನು ಬಿಟ್ಟೇ ಬರೆಯುತ್ತೆ, ದೋಷವನ್ನೂ ತೋರಿಸಲ್ಲ. ಪೈಥಾನ್‌ನ ಡಿಬಿಎಫ್‌ರೀಡ್ ಲೈಬ್ರರಿ ಎಫ್‌ಪಿಟಿ ಓದುತ್ತೆ, ಮೂಲ ಕಡತಕ್ಕೆ ಏನನ್ನೂ ಬರೆಯಲ್ಲ. ಡಾಸ್ ಕಾಲದ ಡೇಟಾ ಆದ್ದರಿಂದ ಎನ್‌ಕೋಡಿಂಗ್ (ಬೈಟ್‌ನಿಂದ ಅಕ್ಷರಕ್ಕೆ ಹೊಂದಿಸುವ ಪಟ್ಟಿ) ಆಗಿ ಮೊದಲು ಸಿಪಿ437 ಕೊಟ್ಟು ನೋಡಿ, ಅಕ್ಷರ ಕೆಟ್ಟು ಬಂದರೆ ಸಿಪಿ850. ಎಫ್‌ಪಿಟಿ ಕಳೆದುಹೋದ ಟೇಬಲ್‌ಗೆ ‘ಇಗ್ನೋರ್_ಮಿಸ್ಸಿಂಗ್_ಮೆಮೊಫೈಲ್’ ಅನ್ನು ಟ್ರೂ ಮಾಡಿ. ಮೆಮೊ ಖಾಲಿ ಬರುತ್ತೆ, ಉಳಿದ ಕಾಲಂಗಳು ಸಿಗುತ್ತವೆ. ಬೇರೆ ಟೇಬಲ್‌ನ ಎಫ್‌ಪಿಟಿಗೆ ಹೆಸರು ಬದಲಿಸಿ ಇಡುವ ಉಪಾಯ ಬೇಡ: ಬ್ಲಾಕ್ ಸಂಖ್ಯೆಗಳು ಯಾರದೋ ಟಿಪ್ಪಣಿಯನ್ನು ಇನ್ಯಾರದೋ ಪುಸ್ತಕಕ್ಕೆ ಅಂಟಿಸುತ್ತವೆ.

ಹಳೇ_ಇಂಡೆಕ್ಸ್:
ಹಳೆಯ ಪ್ರೋಗ್ರಾಂ ಡಾಸ್‌ಬಾಕ್ಸ್‌ನಲ್ಲಿ (ಈಗಿನ ಕಂಪ್ಯೂಟರ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಇನ್ನೂ ಓಡಬೇಕಿದ್ದರೆ ವಿಷುಯಲ್ ಫಾಕ್ಸ್‌ಪ್ರೊದಲ್ಲಿ ‘ಮಾಡಿಫೈ ಸ್ಟ್ರಕ್ಚರ್’ ಮಾಡಬೇಡಿ. ಕಾಲಂ ಬದಲಿಸಿ ಉಳಿಸಿದರೆ ಕಡತ ಹೊಸ ರೂಪಕ್ಕೆ ಹೋಗುತ್ತೆ, 2.6 ಅದನ್ನು ಗುರುತಿಸಲ್ಲ. ಆಗಲೇ ಮಾಡಿದ್ದರೆ ‘ಕಾಪಿ ಟು ಹೊಸದು ಟೈಪ್ ಫಾಕ್ಸ್2ಎಕ್ಸ್’ ಕೊಟ್ಟು ಹಳೆಯ ರೂಪಕ್ಕೆ ತನ್ನಿ. ಇಂಡೆಕ್ಸ್ ಟ್ಯಾಗ್‌ಗಳನ್ನು ಮತ್ತೆ ಕಟ್ಟಬೇಕಾಗುತ್ತೆ.