ಶೋನೆನ್ ಮಾಂಗಾದ ಕಥೆ ಹೇಗೆ ಸಾಗುತ್ತದೆಂದು ಗೊತ್ತಿದ್ದರೂ ಓದಿಸಿಕೊಳ್ಳುವುದೇಕೆ?

ಪ್ರಶ್ನೆ

ಜಪಾನಿನಲ್ಲಿ ಹುಡುಗರಿಗಾಗಿಯೇ ಪ್ರಕಟವಾಗುವ ಶೋನೆನ್ ಮಾಂಗಾಗಳ (ಚಿತ್ರಕಥೆಗಳ) ಪೈಕಿ 1960ರಿಂದ 1990ರ ದಶಕದವರೆಗಿನ ಕೆಲವು ಹೆಸರಾಂತ ಕೃತಿಗಳನ್ನು ಈಚೆಗೆ ಅನುವಾದದಲ್ಲಿ ಓದುತ್ತಿದ್ದೇನೆ. ಹಂದರ ಹೆಚ್ಚುಕಡಿಮೆ ಒಂದೇ: ಒರಟು ಸ್ವಭಾವದ ಹುಡುಗ, ಕಟ್ಟುನಿಟ್ಟಿನ ಗುರು, ತನಗಿಂತ ಬಲಶಾಲಿಯಾದ ಎದುರಾಳಿ, ಬೆವರು ಸುರಿಸುವ ಅಭ್ಯಾಸ, ಕೊನೆಗೊಂದು ಟೂರ್ನಿ. ಒಂದು ಏಟು ಬೀಳುವ ಮುನ್ನ ಪುಟಗಟ್ಟಲೆ ಹಳೆಯ ನೆನಪುಗಳು ಬರುತ್ತವೆ, ಪಕ್ಕದಲ್ಲಿ ನಿಂತವರು ಪಟ್ಟುಗಳನ್ನು ವಿವರಿಸುತ್ತಾರೆ, ಸೋತ ಎದುರಾಳಿ ಮುಂದೆ ಗೆಳೆಯನಾಗುತ್ತಾನೆ. ಇಷ್ಟೆಲ್ಲ ಮೊದಲೇ ಊಹಿಸಬಹುದಾದರೂ ಪುಸ್ತಕವನ್ನು ಕೆಳಗಿಡಲು ಮನಸ್ಸಾಗುವುದಿಲ್ಲ. ಈ ಕಟ್ಟುಪಾಡುಗಳು ಎಲ್ಲಿಂದ ಬಂದವು, ಅವುಗಳ ಸೆಳೆತ ಎಲ್ಲಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಪ್ರತಿಕ್ರಿಯೆ 1

ಉತ್ತರದ ದೊಡ್ಡ ಪಾಲು ವಾರಪತ್ರಿಕೆಯಲ್ಲಿದೆ. ‘ಶೋನೆನ್ ಮ್ಯಾಗಜೀನ್’ ಮತ್ತು ‘ಶೋನೆನ್ ಸಂಡೇ’ ವಾರಪತ್ರಿಕೆಗಳು 1959ರಲ್ಲಿ ಆರಂಭವಾದವು. 1968ರಲ್ಲಿ ಬಂದ ‘ಶೋನೆನ್ ಜಂಪ್’ ಮರುವರ್ಷ ವಾರಪತ್ರಿಕೆಯಾಯಿತು. ಗೆಳೆತನ, ಪರಿಶ್ರಮ, ಗೆಲುವು ಎಂಬ ಮೂರು ಮಾತುಗಳನ್ನು ಧ್ಯೇಯವಾಗಿಸಿಕೊಂಡ ‘ಜಂಪ್’, 1994ರ ಕೊನೆಯ ಹೊತ್ತಿಗೆ ಒಂದೇ ಸಂಚಿಕೆಗೆ 65 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಮುದ್ರಿಸುವ ಮಟ್ಟಕ್ಕೆ ಬೆಳೆದಿತ್ತು. ಪತ್ರಿಕೆಯೊಳಗೇ ಇರುತ್ತಿದ್ದ ಅಂಚೆ ಕಾರ್ಡಿನಲ್ಲಿ ಓದುಗರು ತಮಗೆ ಹಿಡಿಸಿದ ಮೂರು ಕಥೆಗಳನ್ನು ಗುರುತಿಸಿ ಕಳಿಸುತ್ತಿದ್ದರು. ಮತ ಕಡಿಮೆಯಾದ ಧಾರಾವಾಹಿ ಕೆಲವೇ ತಿಂಗಳಲ್ಲಿ ನಿಂತುಹೋಗುತ್ತಿತ್ತು.

ಹೀಗಾಗಿ ಪ್ರತಿ ವಾರದ ಇಪ್ಪತ್ತಕ್ಕೂ ಕಡಿಮೆ ಪುಟಗಳಲ್ಲಿ ಒಂದು ತಿರುವು ಬರಲೇಬೇಕು, ಕೊನೆಯ ಚೌಕಟ್ಟು ಮುಂದಿನ ವಾರದವರೆಗೆ ಕಾಡಬೇಕು, ನಡುವೆ ಸೇರಿಕೊಂಡ ಹೊಸ ಓದುಗನಿಗೂ ಪಂದ್ಯ ಅರ್ಥವಾಗಬೇಕು. ಪಕ್ಕದಲ್ಲಿ ನಿಂತವನು ಪಟ್ಟನ್ನು ವಿವರಿಸುವುದು ಆ ಹೊಸ ಓದುಗನಿಗಾಗಿ. ಟೂರ್ನಿಯೂ ಇದೇ ಅಗತ್ಯವನ್ನು ಪೂರೈಸುತ್ತದೆ. ತೊರಿಯಾಮಾ ಅಕಿರಾ ಅವರ ‘ಡ್ರ್ಯಾಗನ್ ಬಾಲ್’ 1984ರಲ್ಲಿ ಸಾಹಸಯಾತ್ರೆಯಾಗಿ ಆರಂಭವಾಯಿತು. ಓದುಗರ ಮತ ಇಳಿಯತೊಡಗಿದಾಗ ನಾಯಕ ಗೊಕುವನ್ನು ಗುರುವಿನ ಬಳಿ ಅಭ್ಯಾಸಕ್ಕೆ ಹಚ್ಚಿ ಸಮರಕಲೆಯ ಟೂರ್ನಿಯ ಕಣಕ್ಕೆ ಇಳಿಸಲಾಯಿತು, ಅಲ್ಲಿಂದ ಅದರ ಅದೃಷ್ಟವೇ ಬದಲಾಯಿತು.

ಪ್ರತಿಕ್ರಿಯೆ 2

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಅವು ಕಟ್ಟುಪಾಡು ಹೇಗೆ ಹುಟ್ಟಿತೆಂಬುದನ್ನು ಹೇಳುತ್ತವೆಯೇ ಹೊರತು ಅದು ಎದೆಗೆ ತಾಕುವುದೇಕೆ ಎಂಬುದನ್ನಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಕಾರದ ಜೀವ ಇರುವುದು ಎದುರಾಳಿಯಲ್ಲಿ. ಕಜಿವಾರಾ ಇಕ್ಕಿ ಅವರು ತಕಮೊರಿ ಅಸಾವೊ ಎಂಬ ಹೆಸರಿನಲ್ಲಿ ಕಥೆ ಹೆಣೆದು, ಚಿಬಾ ತೆತ್ಸುಯಾ ಚಿತ್ರ ಬರೆದ ಬಾಕ್ಸಿಂಗ್ ಮಾಂಗಾ ‘ಅಶಿತಾ ನೊ ಜೋ’ (1968–73) ನೋಡಿ. ಬಾಲಾಪರಾಧಿಗಳ ಕೇಂದ್ರದಲ್ಲಿ ನಾಯಕ ಜೋಗೆ ಎದುರಾಗುವ ರಿಕಿಇಶಿ ಅವನಿಗಿಂತ ಬಹಳ ಎತ್ತರದವನು. ಇಬ್ಬರೂ ವೃತ್ತಿಪರ ಬಾಕ್ಸಿಂಗ್ ಕಣದಲ್ಲಿ ಸೆಣಸಬೇಕಾದರೆ ರಿಕಿಇಶಿ ಜೋನ ತೂಕದ ವರ್ಗಕ್ಕೆ ಇಳಿಯಲೇಬೇಕು. ಹಾಗಾಗಿ ಅವನು ಅನ್ನ ಬಿಡುತ್ತಾನೆ, ನೀರನ್ನೂ ಬಿಡುತ್ತಾನೆ. ಒಂದು ರಾತ್ರಿ ಬಾಯಾರಿಕೆ ತಡೆಯಲಾರದೆ ನಲ್ಲಿಗಳ ಬಳಿ ಓಡಿದರೆ ಅವುಗಳನ್ನೆಲ್ಲ ತಂತಿಯಿಂದ ಬಿಗಿದಿರುತ್ತಾರೆ. ಅವನ ಬೆಂಬಲಕ್ಕೆ ನಿಂತ ಸಿರಿವಂತ ಮನೆತನದ ಯುವತಿ ಯೋಕೊ ಒಂದು ಲೋಟ ಬಿಸಿನೀರು ತಂದು ಕೊಟ್ಟಾಗ ಅವನು ಅದನ್ನು ಕುಡಿಯದೆ ಚೆಲ್ಲಿಬಿಡುತ್ತಾನೆ. ಪಂದ್ಯವನ್ನು ಗೆಲ್ಲುವವನು ಅವನೇ, ಗೆದ್ದ ಬೆನ್ನಿಗೇ ಸಾಯುವವನೂ ಅವನೇ.

ತನ್ನ ಸಮಾನನೊಡನೆ ಸೆಣಸಲು ಒಬ್ಬ ಮನುಷ್ಯ ಇಷ್ಟು ದೂರ ನಡೆದು ಬರಬಲ್ಲನೆಂಬುದನ್ನು ಹದಿಮೂರು ವರ್ಷದ ಹುಡುಗನಿಗೂ ಅರ್ಥವಾಗುವಂತೆ ಹೇಳಿದ ಬೇರೆ ಕಥೆಯನ್ನು ನಾನು ಓದಿಲ್ಲ. 1970ರ ಮಾರ್ಚ್ 24ರಂದು ಕವಿ ಮತ್ತು ನಾಟಕಕಾರ ತೆರಾಯಾಮಾ ಶೂಜಿ ಅವರ ಮುಂದಾಳತ್ವದಲ್ಲಿ, ಪ್ರಕಾಶನ ಸಂಸ್ಥೆ ಕೊದಾನ್ಶಾದ ಕಟ್ಟಡದಲ್ಲಿ ರಿಕಿಇಶಿಗೆ ನಿಜವಾದ ಅಂತ್ಯವಿಧಿ ನಡೆಯಿತು. ಸುಮಾರು 700 ಜನ ಬಂದಿದ್ದರು. ಕಾಗದದ ಮೇಲಿನ ಒಬ್ಬ ಎದುರಾಳಿಗೆ, ನಾಯಕನಿಗೂ ಅಲ್ಲ, ಸಂದ ಗೌರವ ಇದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದು ಅನುಮಾನ ಉಳಿದಿದೆ. ಪರಿಶ್ರಮಪಟ್ಟವನು ಗೆದ್ದೇ ಗೆಲ್ಲುತ್ತಾನೆ ಎಂಬ ಸರಳ ನಂಬಿಕೆಯನ್ನಲ್ಲವೇ ಈ ಕಥೆಗಳು ಮತ್ತೆ ಮತ್ತೆ ಮಾರುವುದು?

ಪ್ರತಿಕ್ರಿಯೆ 3

ಒಳ್ಳೆಯ ಕೃತಿಗಳಲ್ಲಿ ಹಾಗಿಲ್ಲ. ಗೊಕು ಮೊದಲ ಟೂರ್ನಿಯ ಅಂತಿಮ ಪಂದ್ಯದಲ್ಲಿ ಸೋಲುತ್ತಾನೆ, ಅದೂ ಶಿಷ್ಯರ ತಲೆಗೆ ಗರ್ವ ಏರಬಾರದೆಂದು ವೇಷ ಮರೆಸಿಕೊಂಡು ಬಂದ ತನ್ನ ಗುರುವಿನ ಕೈಯಲ್ಲೇ. ಎರಡನೆಯ ಟೂರ್ನಿಯಲ್ಲೂ ಸೋತು, ಮೂರನೆಯದರಲ್ಲಷ್ಟೇ ಗೆಲ್ಲುತ್ತಾನೆ.

ಇನೊವೆ ತಕೆಹಿಕೊ ಅವರ ‘ಸ್ಲ್ಯಾಮ್ ಡಂಕ್’ (1990–96) ಇನ್ನೂ ಮುಂದೆ ಹೋಗುತ್ತದೆ (ಕೊನೆಯನ್ನು ಓದದವರು ಇಲ್ಲಿಗೇ ನಿಲ್ಲಿಸುವುದು ಲೇಸು). ಬ್ಯಾಸ್ಕೆಟ್‌ಬಾಲ್‌ನ ಗಂಧಗಾಳಿ ಇಲ್ಲದ ಸಕುರಾಗಿ ಒಂದು ಬೇಸಿಗೆಯ ತರಬೇತಿಯಲ್ಲಿ 20,000 ಸಲ ಚೆಂಡನ್ನು ಬುಟ್ಟಿಗೆ ಎಸೆದು ಅಭ್ಯಾಸ ಮಾಡುತ್ತಾನೆ. ದೇಶದ ಅತ್ಯಂತ ಬಲಿಷ್ಠ ತಂಡವಾದ ಸನ್ನೊ ವಿರುದ್ಧದ ಪಂದ್ಯದ ಕೊನೆಯ ಕ್ಷಣಗಳಲ್ಲಿ ಇನೊವೆ ಮಾತನ್ನೇ ತೆಗೆದುಹಾಕುತ್ತಾರೆ: ವಿವರಣೆಯಿಲ್ಲ, ನೆನಪುಗಳಿಲ್ಲ, ಇಷ್ಟು ಸಂಪುಟಗಳುದ್ದಕ್ಕೂ ಬಳಸಿದ ಉಪಕರಣಗಳನ್ನೆಲ್ಲ ಬದಿಗಿಟ್ಟು ಚಲನೆಯನ್ನು ಮಾತ್ರ ಬರೆಯುತ್ತಾರೆ. ಚೆಂಡನ್ನು ಯಾರಿಗೂ ಬಿಟ್ಟುಕೊಡಲು ಒಲ್ಲದ ಸಹ ಆಟಗಾರ ರುಕಾವಾ, ತಾನು ಸಹಿಸದ ಸಕುರಾಗಿಗೆ ಚೆಂಡು ಕೊಡುತ್ತಾನೆ. ಕೃತಿಯ ಹೆಸರಿನಲ್ಲಿರುವ, ಹಾರಿ ಚೆಂಡನ್ನು ಬುಟ್ಟಿಗೆ ತುರುಕುವ ಅಬ್ಬರದ ಡಂಕ್‌ನಿಂದಲ್ಲ, ಅಭ್ಯಾಸ ಮಾಡಿದ ಆ ಸಾದಾ ಎಸೆತದಿಂದಲೇ 79–78ರ ಗೆಲುವು ಬರುತ್ತದೆ. ಬಳಿಕ ಇಬ್ಬರೂ ಅಂಗೈಗೆ ಅಂಗೈ ಬಡಿಯುವ ಚಿತ್ರ ಎರಡು ಪುಟ ತುಂಬಿಕೊಂಡಿದೆ. ಮುಂದಿನ ಸುತ್ತಿನಲ್ಲಿ ತಂಡ ಹೀನಾಯವಾಗಿ ಸೋತಿತೆಂಬುದನ್ನು ಲೇಖಕರು ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಪರಿಶ್ರಮ ಟ್ರೋಫಿ ಕೊಡಿಸಲಿಲ್ಲ. ಆ ಒಂದು ಚೆಂಡನ್ನು ಹಿಡಿಯುವ ಯೋಗ್ಯತೆ ಕೊಟ್ಟಿತು.

ಪ್ರತಿಕ್ರಿಯೆ 4

ಭಾರತಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಕಜಿವಾರಾ ಅವರದೇ ಕಥೆಗೆ ಕವಾಸಾಕಿ ನೊಬೊರು ಚಿತ್ರ ಬರೆದ ಬೇಸ್‌ಬಾಲ್ ಮಾಂಗಾ ‘ಕ್ಯೋಜಿನ್ ನೊ ಹೋಶಿ’ (1966–71) ಮುಂಬೈಯ ಕೊಳೆಗೇರಿಯ ಕ್ರಿಕೆಟ್ ಹುಡುಗನ ಕಥೆಯಾಗಿ, ‘ಸೂರಜ್: ದಿ ರೈಸಿಂಗ್ ಸ್ಟಾರ್’ ಎಂಬ ಹೆಸರಿನಲ್ಲಿ 2012ರ ಡಿಸೆಂಬರ್‌ನಲ್ಲಿ ಕಲರ್ಸ್ ವಾಹಿನಿಯಲ್ಲಿ ಪ್ರಸಾರವಾಗತೊಡಗಿತು. ಮೂಲದಲ್ಲಿ ತಂದೆ ಮಗನ ಮೈಗೆ ತೊಡಿಸುವ ಉಕ್ಕಿನ ಸ್ಪ್ರಿಂಗ್‌ಗಳ ಕವಚ ಇಲ್ಲಿ ಸೈಕಲ್ ಟ್ಯೂಬಿನದಾಯಿತು. ಆಟ, ಊರು, ಕಾಲ ಎಲ್ಲವೂ ಬದಲಾದರೂ ನಿಷ್ಠುರ ತಂದೆ ಮತ್ತು ಸಿರಿವಂತ ಮನೆತನದ ಎದುರಾಳಿ ಇಬ್ಬರನ್ನೂ ಉಳಿಸಿಕೊಳ್ಳಲಾಯಿತು. ಪ್ರಶ್ನೆ ಕೇಳಿದವರು ಸಾಧ್ಯವಾದರೆ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಯಾವ ಕಟ್ಟುಪಾಡು ಜಪಾನಿನದು, ಯಾವುದು ಎಲ್ಲಿಗೆ ಒಯ್ದರೂ ನಿಲ್ಲುವಂಥದು ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.