ಸಹಾಯ ಬೇಕು: ತಂಗಿಯನ್ನು ಎಎನ್‌ಎಂ ನರ್ಸಿಂಗ್ ಕೋರ್ಸಿಗೆ ಸೇರಿಸಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ತಂಗಿ ಪಿಯುಸಿ ಆರ್ಟ್ಸ್ ಮುಗಿಸಿದ್ದಾಳೆ. ನರ್ಸ್ ಆಗಬೇಕೆಂಬ ಹಟ. ಅಜ್ಜಿಗೆ ಬಿಪಿ ನೋಡಲು ಸಿಸ್ಟರ್ ಮನೆಗೆ ಬಂದಾಗಲೆಲ್ಲ ಪಕ್ಕದಲ್ಲೇ ಕೂತು ಮೀಟರ್ ನೋಡುತ್ತಿದ್ದಳು. ಈಗ ತೋಳಿಗೆ ಪಟ್ಟಿ ಕಟ್ಟೋದು ಅವಳೇ.

ಆರ್ಟ್ಸ್ ಓದಿದವರಿಗೂ ಎಎನ್‌ಎಂ ಸಿಗುತ್ತದೆ, ಎರಡು ವರ್ಷ, ಅದರಲ್ಲಿ ಕೊನೆಯ 6 ತಿಂಗಳು ಇಂಟರ್ನ್‌ಶಿಪ್, ಇಷ್ಟು ಗೊತ್ತು. ಇನ್ನೊಂದು ನರ್ಸಿಂಗ್ ಕೋರ್ಸ್ ಜಿಎನ್‌ಎಂ ಮೂರು ವರ್ಷ. ಅಷ್ಟು ದಿನದ ಖರ್ಚು ನಮ್ಮಿಂದ ಆಗಲ್ಲ.

ಹೋದ ವಾರ ಒಬ್ಬ ಏಜೆಂಟ್ ಮನೆಗೇ ಬಂದಿದ್ದ. ‘ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅಂದ. ಕ್ಲಾಸಿಗೇ ಹೋಗದೆ ಸೂಜಿ ಚುಚ್ಚೋದು ಹೇಗೆ ಕಲಿಯುತ್ತಾಳೆ, ನೀವೇ ಹೇಳಿ! ಒರಿಜಿನಲ್ ಮಾರ್ಕ್ಸ್ ಕಾರ್ಡ್ ಈಗಲೇ ಕೊಡಿ ಅಂದ. ರಸೀದಿ ಪುಸ್ತಕದಲ್ಲಿ ಕಾಲೇಜಿನ ಹೆಸರೇ ಇರಲಿಲ್ಲ. ಅವ್ವ ಸುಮ್ನೆ ಎದ್ದು ಹೋಗಿ ಟ್ರಂಕಿಗೆ ಬೀಗ ಹಾಕಿ ಬಂದಳು.

ರಾಯಚೂರು, ಕೊಪ್ಪಳ ಕಡೆ ಎಎನ್‌ಎಂ ಓದಿದವರು ಇದ್ದರೆ ದಯವಿಟ್ಟು ತಿಳಿಸಿ. ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಈ ವರ್ಷಕ್ಕೂ ಇದೆಯಾ ಅಂತ ನೀವು ಹೇಗೆ ನೋಡಿಕೊಂಡಿರಿ? ಪ್ರಾಕ್ಟಿಕಲ್‌ಗೆ ಯಾವ ಆಸ್ಪತ್ರೆಗೆ ಕಳಿಸುತ್ತಿದ್ದರು? 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಸೇರುವಾಗಲೇ ಬೇಕಾ? ಹಾಸ್ಟೆಲ್ ವಿಷಯವೂ ಹೇಳಿ, ನಮ್ಮೂರಿಗೆ ಸಂಜೆ ಆರರ ಮೇಲೆ ಬಸ್ಸಿಲ್ಲ. ಇಂಗ್ಲಿಷ್ ಅವಳಿಗೆ ಸ್ವಲ್ಪ ಕಷ್ಟ. ಕನ್ನಡದಲ್ಲಿ ಬರೆದ ಹಳೇ ನೋಟ್ಸ್ ಇದ್ದರೆ ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡುತ್ತೇವೆ.